ನನ್ನ ಮಗನಿಗಿಟ್ಟ ಹೀರೋ ಹೆಸರು

ನನ್ನ ಮಗ ಎಂಟನೆಯ ವಯಸ್ಸಿಗೆ ಮನೆ ಬಿಟ್ಟು ಓಡಿಹೋಗುತ್ತಾನೆ, ಮುಂದೆ ಮೂರು ಮದುವೆಯಾಗುತ್ತಾನೆ ಎಂಬ ಆಘಾತಕಾರಿ ಸಂಗತಿ ನನಗೆ ತಿಳಿದಾಗ ಅವನಿಗಿನ್ನೂ ಒಂದೂವರೆ ವರ್ಷ. ಗೋಡೆ ಹಿಡಿದುಕೊಂಡು ಹೆಜ್ಜೆ ಇಡುತ್ತಿದ್ದ. ಕೈಯಲ್ಲಿ ಅರ್ಧ ಚೀಪಿದ ಬಿಸ್ಕತ್ತು. ಆ ಮುಖದ ಹಿಂದೆ ಇಷ್ಟೆಲ್ಲ ಯೋಜನೆಗಳಿವೆಯೆಂದು ಯಾವ ತಾಯಿ ತಾನೇ ಊಹಿಸಿಯಾಳು?

ಹೆಸರಿಟ್ಟವಳು ನಾನೇ. ಮೈಸೂರಿನ ಕಾನ್ವೆಂಟಿನಲ್ಲಿ ಓದುವಾಗಿನಿಂದ ನಾನು ಚಿತ್ರನಟ ಅಲ್ಮಾಸನ ಪರಮ ಅಭಿಮಾನಿ. ತೆರೆಯ ಮೇಲೆ ಅವನು ತಾಯಿಯ ಕಾಲೊತ್ತುತ್ತಾನೆ. ಖಳನಾಯಕನಿಗೂ ಬಹುವಚನ ಕೊಟ್ಟೇ ಹೊಡೆಯುತ್ತಾನೆ. ಸಿಂದಗಿ ಬಸ್‌ಸ್ಟ್ಯಾಂಡಿನ ಬಳಿ ಪಂಪುಸೆಟ್ಟು ಮಾರುವ ಅಶ್ಫಾಕರನ್ನು ಮದುವೆಯಾಗಿ ಬಂದು, ಗಂಡುಮಗು ಹೆತ್ತ ಮರುಕ್ಷಣವೇ ‘ಅಲ್ಮಾಸ’ ಎಂದು ಘೋಷಿಸಿಬಿಟ್ಟೆ. ಅತ್ತೆ ಮಾಬುಬಿಯವರು ಮನೆತನದ ಹಿರಿಯರ ಹೆಸರೇ ಆಗಬೇಕೆಂದು ಹಟ ಹಿಡಿಯುತ್ತಾರೆಂದು ಮಹಾಯುದ್ಧಕ್ಕೆ ಸಜ್ಜಾಗಿದ್ದೆ. ಅವರು ಹೀರೋ ಹೆಸರು ಕೇಳಿದ್ದೇ ತಣ್ಣಗಾದರು. ಹರೆಯದಲ್ಲಿ ಟೂರಿಂಗ್ ಟಾಕೀಸಿನ ನೆಲದ ಮೇಲೆ ಕೂತು ಅವನ ಒಂದು ಸಿನಿಮಾವನ್ನೂ ಬಿಟ್ಟವರಲ್ಲವಂತೆ. ಅತ್ತೆ ಸೊಸೆ ಒಬ್ಬನನ್ನೇ ಮೆಚ್ಚಿದ ಮನೆ ಈ ತಾಲೂಕಿನಲ್ಲಿ ನಮ್ಮದೊಂದೇ ಇರಬೇಕು.

ಎಲ್ಲ ಸುಖವಾಗಿತ್ತು. ಅಷ್ಟರಲ್ಲಿ ಮೊಬೈಲಿನ ಯಾವುದೋ ಚಾನೆಲ್ಲಿನವರು ಪ್ರತಿ ಭಾನುವಾರ ಅಲ್ಮಾಸನ ಜೀವನಚರಿತ್ರೆಯನ್ನು ಕಂತುಕಂತಾಗಿ ತೋರಿಸತೊಡಗಿದರು.

ಬಾಲ್ಯದಲ್ಲಿ ಅಲ್ಮಾಸ ಪಕ್ಕದ ಮನೆಯ ಲಿಂಬೆಹಣ್ಣು ಕದ್ದು ಸಿಪ್ಪೆ ಸಮೇತ ತಿನ್ನುತ್ತಿದ್ದನಂತೆ. ಕೇಳಿ ನಕ್ಕೆ. ಅದೇ ಸಂಜೆ ಪಕ್ಕದ ಇಂಡಿ ಪಟ್ಟಣದಿಂದ ಬಂದ ಲಿಂಬೆಹಣ್ಣಿನ ಚೀಲದಲ್ಲಿ ನನ್ನ ಮಗನ ಮುಂಗೈ ಸಿಕ್ಕಿಬಿತ್ತು. ಬಾಯಲ್ಲಾಗಲೇ ಒಂದು ಹಣ್ಣು, ಕಣ್ಣಲ್ಲಿ ನೀರು, ಆದರೂ ಉಗುಳಲೊಲ್ಲ. ನಗು ಅಲ್ಲಿಗೆ ನಿಂತಿತು. ಮುಂದಿನ ಕಂತಿನಲ್ಲಿ ಬಾಲಕ ತನ್ನಪ್ಪನ ಕೈಗಡಿಯಾರವನ್ನು ಬಾವಿಗೆಸೆದ. ನನ್ನ ಮಗ ತನ್ನಪ್ಪನ ಮೊಬೈಲನ್ನು ಕುಡಿಯುವ ನೀರಿನ ಕೊಡಕ್ಕೆ ಅರ್ಪಿಸಿದ. (ನಮ್ಮಲ್ಲಿ ಬಾವಿಯಿಲ್ಲ. ಇದ್ದಿದ್ದರೆ?) ನನಗೆ ಅನ್ನ ಸೇರದಾಯಿತು. ಅದರಾಚೆಯ ಕಂತಿನಲ್ಲಿ ಅಲ್ಮಾಸ ಎಂಟು ವರ್ಷಕ್ಕೆ ನಾಟಕ ಕಂಪನಿಯ ಲಾರಿ ಹತ್ತಿ ಪರಾರಿ. ತಾಯಿ ಅತ್ತು ಅತ್ತು ಹಾಸಿಗೆ ಹಿಡಿದಳು. ನಾನೂ ಹಿಡಿದೆ. ಆಮೇಲೆ ಬಂತು ನೋಡಿ ಮೂರು ಮದುವೆ. ಒಬ್ಬ ಹೆಂಡತಿಗೆ ಇನ್ನೊಬ್ಬಳ ಸುಳಿವಿಲ್ಲ.

ನಾನು ಎದೆ ಬಡಿದುಕೊಂಡು ಎಲ್ಲ ಹೇಳಿದರೆ, ನನ್ನವರು ಜೋಳದ ರೊಟ್ಟಿ ಮುರಿಯುವುದನ್ನು ಕೂಡ ನಿಲ್ಲಿಸಲಿಲ್ಲ.

“ನಿನ್ನ ಮಗಾ ಇನ್ನಾ ಚಡ್ಡಿ ಹಾಕ್ಕೊಳ್ಳಾಕ ಒಲ್ಲೆ ಅಂತಾನ. ಶೇರ್ವಾನಿ ಹೆಂಗ ಹಾಕ್ಕೋತಾನ?”

“ನಿಮಗೆ ತಮಾಷೆ. ಹೆಸರಿನ ಗುಣ ಅಂತ ಒಂದಿರುತ್ತೆ.”

“ಹಂಗಾದ್ರ ಅಂವಾ ಪ್ರಶಸ್ತಿನೂ ತಗೊಂಡಾನಲ್ಲ, ಅದನ್ಯಾಕ ಎಣಸವಲ್ಲಿ?”

ಪ್ರಶಸ್ತಿ ಬರುವ ಹೊತ್ತಿಗೆ ತಾಯಿ ಬದುಕಿರಬೇಕಲ್ಲ. ಬೀದಿಯಲ್ಲಿ ಲಾರಿ ಸದ್ದಾದರೆ ಸಾಕು, ನಾನು ಬಾಗಿಲಿಗೆ ಅಗುಳಿ ಹಾಕುತ್ತಿದ್ದೆ. ಸಿಂದಗಿಯಲ್ಲಿ ಕಬ್ಬಿನ ಸುಗ್ಗಿ; ದಿನವಿಡೀ ಲಾರಿಗಳೇ. ಕೊನೆಗೆ ಬಾಗಿಲು ತೆರೆಯುವುದನ್ನೇ ಬಿಟ್ಟೆ. ಹಾಲಿನವನು ಕಿಟಕಿಯಲ್ಲಿ ಹಾಲು ಸುರಿದುಹೋಗತೊಡಗಿದ ಮೇಲೆ ಅತ್ತೆಗೇ ಕರುಣೆ ಬಂತು.

ಈ ಹೆಸರು ಬೇಡ, ಬದಲಿಸೋಣ ಎಂದು ಅವರ ಕಾಲು ಹಿಡಿದೆ. ಒಬ್ಬ ಸಾತ್ವಿಕ ಹಿರಿಯರ ಹೆಸರು ಸೂಚಿಸಬೇಕು, ಅವರು ಒಂದು ಮದುವೆಗೆ ತೃಪ್ತರಾಗಿರಬೇಕು, ಎಲ್ಲಿಗೂ ಓಡಿರಬಾರದು: ನನ್ನ ಷರತ್ತುಗಳಿಷ್ಟೇ. ಅತ್ತೆ ಕ್ಷಣವೂ ಯೋಚಿಸದೆ ತಮ್ಮ ಅಜ್ಜ ದಸ್ತಗೀರಸಾಬರ ಹೆಸರು ಹೇಳಿದರು. ಆ ಪುಣ್ಯಾತ್ಮರು ಆಯುಷ್ಯದಲ್ಲೇ ಬಸವನ ಬಾಗೇವಾಡಿಯಿಂದಾಚೆ ಕಾಲಿಟ್ಟವರಲ್ಲ. ಅಲ್ಲಿಗೂ ಎತ್ತು ಕೊಳ್ಳಲು ಹೋಗಿ ಕತ್ತಲಾಗುವ ಮೊದಲು ತಿರುಗಿ ಬಂದವರು. ನನಗೆ ಬೇಕಾದದ್ದು ಅದೇ. ಹೆಸರು ಹಳೆಯದಾದರೇನು, ಬಾಳಿಕೆ ಬರುತ್ತದೆ.

ಶುಕ್ರವಾರ ಮಲೀದಾ ಮಾಡಿದೆವು. ಚಪಾತಿ ಮುರಿದು ಬೆಲ್ಲ ತುಪ್ಪ ಹಾಕಿ ಕಲಸುವಷ್ಟರಲ್ಲಿ ನನ್ನ ಮೊಣಕೈ ಬಿದ್ದುಹೋಗಿತ್ತು. ಮಸೀದಿಯ ಹಿರಿಯ ಮೋದಿನಸಾಬರು ಬಂದು ಫಾತಿಹಾ ಓದಿ, ಮಗುವಿನ ಕಿವಿಯಲ್ಲಿ ಹೊಸ ಹೆಸರು ಹೇಳಿ, ಹಳೆಯದನ್ನು ಇನ್ನು ಮನೆಯಲ್ಲಿ ಯಾರೂ ಎತ್ತಕೂಡದೆಂದು ಕಟ್ಟಪ್ಪಣೆ ಮಾಡಿಹೋದರು. ಓಣಿಗೆಲ್ಲ ಮಲೀದಾ ಹಂಚಿಯಾಯಿತು. ಎಷ್ಟೋ ವಾರಗಳ ಮೇಲೆ ನಾನೇ ಬಾಗಿಲು ಹಾರುಹೊಡೆದು ಹಾಯಾಗಿ ಉಸಿರುಬಿಟ್ಟೆ.

ಅತ್ತೆ ಮಾತ್ರ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಕೂತಿದ್ದರು. ಅಜ್ಜನ ನೆನಪಾಗಿರಬೇಕು ಎಂದು ಸಮಾಧಾನ ಹೇಳಹೋದೆ.

“ಅಜ್ಜಂದಲ್ಲವಾ,” ಎಂದರು. “ನಮ್ಮ ಹೀರೋನ ತಾಯಿ ನೆನಪಾದಳು. ಪಾಪ, ಸಾಯೂತನಕ ಮಗನ್ನ ದಸ್ತಗೀರ, ದಸ್ತಗೀರ ಅಂತ ಹುಡುಕ್ಯಾಡಿದಳು.”

ನನ್ನ ಕೈಯಲ್ಲಿದ್ದ ಮಲೀದಾ ಬಾಯಿಗೆ ಹೋಗಲಿಲ್ಲ. “ಯಾವ ದಸ್ತಗೀರ?”

“ಅಂವನ. ಅಲ್ಮಾಸ ಅನ್ನೂದು ಸಿನಿಮಾದವರು ಇಟ್ಟ ಹೆಸರು. ಹೆತ್ತಾಕಿ ಇಟ್ಟಿದ್ದು ದಸ್ತಗೀರ. ಮೊದಲನೇ ಕಂತಿನಾಗ ಹೇಳಿದ್ರಲ್ಲ, ನೀ ನೋಡಲಿಲ್ಲೇನು?”

ಆ ಭಾನುವಾರ ಮಗುವಿಗೆ ಲಸಿಕೆಯ ಜ್ವರ. ನಾನು ನೋಡಿರಲಿಲ್ಲ. ನನಗೇಕೆ ಮೊದಲೇ ಹೇಳಲಿಲ್ಲವೆಂದು ಅತ್ತೆಯನ್ನು ಕೇಳಿದೆ. ಓದಿದ ಸೊಸೆಗೆ ಗೊತ್ತಿಲ್ಲದ್ದು ತಮಗೇನು ಗೊತ್ತು ಎಂದುಕೊಂಡರಂತೆ. ಅಜ್ಜನ ಹೆಸರೂ ಆಯಿತು, ಹೀರೋನ ಖರೇ ಹೆಸರೂ ಆಯಿತು ಎಂದು ಅವರಿಗೆ ಎರಡೆರಡು ಸಂತೋಷ.

ನನ್ನವರು ಬೆರಳು ಮಡಚುತ್ತ ಲೆಕ್ಕಕ್ಕಿಳಿದರು. “ಲಿಂಬಿಕಾಯಿ ಕದ್ದಾಂವ ದಸ್ತಗೀರ. ಲಾರಿ ಹತ್ತಿ ಓಡಿದಾಂವ ದಸ್ತಗೀರ. ನಿಕಾಹದಾಗ ಖರೇ ಹೆಸರ ಬರಸಬೇಕು, ಅಂದ ಮ್ಯಾಲ ಮೂರೂ ಲಗ್ನ ದಸ್ತಗೀರಂದ. ಅಲ್ಮಾಸ ಬರೇ ಪ್ರಶಸ್ತಿ ತಗೊಂಡಿದ್ದ. ಅವನ್ನ ನೀನ ಮಲೀದಾ ಮಾಡಿ ಕಳಿಸಿಬಿಟ್ಟಿ.”

ಅಷ್ಟರಲ್ಲಿ ಬೀದಿಯಲ್ಲಿ ಕಬ್ಬಿನ ಲಾರಿ ಗುಡುಗಿತು. ಮಗ ಗೋಡೆ ಬಿಟ್ಟು, ತೆರೆದ ಬಾಗಿಲಿನ ಕಡೆ ನೋಡುತ್ತ ನಡುಮನೆಯಲ್ಲಿ ಒಂಟಿಯಾಗಿ ನಿಂತಿದ್ದ. ನಾನು ಗಾಬರಿಯಿಂದ ಹೊಸ ಹೆಸರು ಹಿಡಿದು ಕೂಗಿದೆ.

ಅವನು ತಿರುಗಿ ನೋಡಿದ, ನಕ್ಕ, ಆಮೇಲೆ ಜೀವನದಲ್ಲೇ ಮೊದಲ ಬಾರಿಗೆ ಓಡಿದ.