ಕುದುರೆ ಪಿಚ್ಚರೂ ಮಗಳ ಸಂಬಂಧವೂ

ನಮ್ಮ ಬ್ರಹ್ಮಾವರದ ಮನೆಗೆ ಯಾರೇ ಬರಲಿ, ಚಾ ಲೋಟ ಕೆಳಗಿಡುವುದರೊಳಗೆ ಒಂದು ಜಗಳ ಶುರುವಾಗುತ್ತದೆ. ಆಸ್ತಿಯದ್ದಲ್ಲ, ರಾಜಕೀಯದ್ದೂ ಅಲ್ಲ, ಹಳೇ ಅಮೆರಿಕನ್ ಪಿಚ್ಚರಿನದ್ದು. ನನ್ನ ಗಂಡ ಪ್ರಾಯದಲ್ಲಿ ಮುಂಬೈಯ ಹೋಟೆಲಿನಲ್ಲಿದ್ದವರು. ಪಕ್ಕದ ಟಾಕೀಸಿನಲ್ಲಿ ಬೆಳಗಿನ ಆಟಕ್ಕೆ ಹಳೇ ಇಂಗ್ಲಿಷ್ ಪಿಚ್ಚರುಗಳಂತೆ. ಇಂಗ್ಲಿಷ್ ಒಂದಕ್ಷರ ಬಾರದಿದ್ದರೂ ಎಲ್ಲ ನೋಡಿದ್ದಾರೆ. ಮಾತು ಅರ್ಥವಾಗಿದ್ದರೆ ಇಷ್ಟು ವಾದ ಮಾಡುತ್ತಿರಲಿಲ್ಲವೋ ಏನೋ. ಈಗ ಊರಿನಲ್ಲಿ ಪೇಂಟ್ ಅಂಗಡಿ ಇಟ್ಟಿದ್ದಾರೆ. ಬಣ್ಣ ಮಾರುವ ಈ ಮನುಷ್ಯ ಮನೆಯಲ್ಲಿ ನೋಡುವುದೆಲ್ಲ ಕಪ್ಪು ಬಿಳುಪು.

ಅವರು ಏನು ಬೇಕಾದರೂ ನೋಡಿಕೊಳ್ಳಲಿ, ನನಗೇನು? ಆದರೆ ನನಗೆ ಒಬ್ಬಳೇ ಮಗಳು. ಅವಳಿಗೆ ಗಂಡು ನೋಡಲು ಶುರು ಮಾಡಿದ ಮೇಲೆ ಈ ಪಿಚ್ಚರು ನನ್ನ ಹೊಟ್ಟೆ ಉರಿಸಿದ್ದು ಅಷ್ಟಿಷ್ಟಲ್ಲ.

೧. ಕರೆಯದ ದನಗಳು

ಮೊದಲು ಬಂದವರು ಕೊಕ್ಕರ್ಣೆಯವರು. ಗದ್ದೆ, ತೋಟ, ಹಟ್ಟಿ ತುಂಬ ದನ, ಒಳ್ಳೆ ಜನ. ಹುಡುಗನ ಅಜ್ಜಿಯೂ ಬಂದಿದ್ದರು. ದನ ಸಾಕುವ ಮನೆಯವರಲ್ಲವೇ, ಖುಷಿಯಾಗಲಿ ಅಂತ ನಮ್ಮವರು ದನ ಕಾಯುವವರ ಪಿಚ್ಚರ್ ಹಾಕಿದರು. ಟೀವಿ ತುಂಬ ಧೂಳು, ದನಗಳು, ಕುದುರೆ ಮೇಲೆ ಟೊಪ್ಪಿ ಹಾಕಿದ ಗಂಡಸರು.

ಅಜ್ಜಿ ದನಗಳನ್ನೇ ನೋಡಿದರು. ಆಮೇಲೆ ಕೇಳಿದರು, "ಹ್ವಾಯ್, ಇಷ್ಟ್ ದನ ಇತ್ತಲೆ, ಹಾಲ್ ಕರುದ್ ಯಾರ್?"

"ಅದ್ ಹಾಲಿನ ದನ ಅಲ್ಲ ಅಮ್ಮ," ಅಂದರು ನಮ್ಮವರು.

"ಹೊತ್ ಕಂತುಕಾಯ್ತ್. ಒಬ್ರಾರೂ ಚೆಂಬ್ ಹಿಡ್ಕಂಡ್ ಬಪ್ಪುದ್ ಕಾಣ್ತಿಲ್ಲೆ. ಹಟ್ಟಿಯೂ ಇಲ್ಲೆ, ಹುಲ್ಲ್‌ಕುತ್ರಿಯೂ ಇಲ್ಲೆ. ಎಂಥಾ ಮನ್ಷರ್ ಇವ್ರ್!"

ನಮ್ಮವರಿಗೆ ಸಿಟ್ಟು ಬಂತು. "ಅಮ್ಮ, ಆ ಹೀರೋ ಒಬ್ಬನೇ ಒಂದ್ ಊರನ್ನೇ ಉಳ್ಸಿದವ!" ಎಂದು ಎದ್ದು ನಿಂತರು. ಅಜ್ಜಿಯೂ ಎದ್ದು ನಿಂತರು. "ಊರ್ ಮತ್ ಉಳ್ಸ್ಲಿ, ಮೊದ್ಲ್ ಆ ಕರುವಿಗ್ ನೀರ್ ಕೊಡುಕೆ ಹೇಳಿ!"

ಮರುದಿನ ಸಂಬಂಧ ತಂದ ದಲ್ಲಾಳಿ ಫೋನ್ ಮಾಡಿದ. ಹುಡುಗಿ ಲಾಯ್ಕಿದ್ದಾಳಂತೆ, ಜಾತಕವೂ ಕೂಡುತ್ತದಂತೆ. ಆದರೆ ದನಕ್ಕೆ ಹಟ್ಟಿ ಕಟ್ಟದವರನ್ನು ಹೊಗಳುವ ಮನೆಯಿಂದ ಹೆಣ್ಣು ತರುವುದಕ್ಕೆ ಅಜ್ಜಿ ಒಪ್ಪುವುದಿಲ್ಲವಂತೆ.

೨. ಸೂತಕ

ಎರಡನೆಯವರು ಗಂಗೊಳ್ಳಿಯ ಬೋಟಿನ ಯಜಮಾನರು. ಈ ಸಲ ದನದ ಸುದ್ದಿ ಬೇಡವೇ ಬೇಡ ಎಂದು ನಾನು ಮೊದಲೇ ಬೈದಿದ್ದೆ. ಅದಕ್ಕೆ ನಮ್ಮವರು ಬಿರುಗಾಳಿಗೆ ಸಿಕ್ಕಿದ ಹಡಗಿನ ಪಿಚ್ಚರ್ ಹಾಕಿದರು. ತಲೆ ಚಚ್ಚಿಕೊಳ್ಳಬೇಕು ಅನಿಸಿತು.

ಯಜಮಾನರು ಮೊದಮೊದಲು ಗೋಡೆಗೆ ಒರಗಿ ಕೂತಿದ್ದರು. ಗಾಳಿ ಜೋರಾದ ಹಾಗೆ ಕುರ್ಚಿಯ ತುದಿಗೆ ಬಂದರು. ಆಮೇಲೆ ಟೀವಿಯ ಎದುರಿಗೇ ಹೋಗಿ ನಿಂತರು. "ತಿರ್ಗ್ಸಾ, ಹೆಡ್ಡಾ! ಗಾಳಿಗೆ ಮುಖ ಕೊಡ್! ಮಗ್ಗುಲ್ ಕೊಟ್ರೆ ಮಗುಚ್ತ್!" ಎಂದು ಅಮೆರಿಕದ ಕ್ಯಾಪ್ಟನ್ನಿಗೆ ಬೈಯತೊಡಗಿದರು. ಮದುಮಗನಾಗಬೇಕಾದ ಹುಡುಗ ಅಪ್ಪನ ಹಿಂದೆ ನಿಂತು, "ಅಪ್ಪಾ, ಬಲೆ ಕಡಿಯುಕೆ ಹೇಳಿ!" ಎಂದು ಕೂಗುತ್ತಿದ್ದ. ಆ ಹಡಗಿನಲ್ಲಿ ಬಲೆಯೇ ಇರಲಿಲ್ಲ. ನನ್ನ ಮಗಳು ಸೀರೆ ಉಟ್ಟು ಚಾ ತಟ್ಟೆ ಹಿಡಿದು ಬಂದಳು. ಒಬ್ಬರೂ ಕಣ್ಣೆತ್ತಿ ನೋಡಲಿಲ್ಲ. "ಬದಿಗ್ ಹೋಗ್ ಮಗಾ, ಹಡ್ಗ್ ಕಾಣ್ತಿಲ್ಲೆ," ಅಂದರು ಯಜಮಾನರು.

ಕಡೆಗೆ ಹಡಗು ಮುಳುಗಿತು, ಕ್ಯಾಪ್ಟನ್ನೂ ಸತ್ತ. ಯಜಮಾನರು ಹೆಗಲ ಮೇಲಿನ ಬೈರಾಸು ತೆಗೆದು ಕಣ್ಣೊರೆಸಿಕೊಂಡರು.

"ಇನ್ನ್ ಮಾತುಕತಿ ಶುರು ಮಾಡುವನಾ?" ಎಂದು ನಮ್ಮವರು ಕೇಳಿದರು.

"ಎಂತ ಹೇಳ್ತ್ರಿ ಮಾರಾಯ್ರೆ! ಕಡಲಗೆ ಸಾವಾಯ್ತ್. ಇವತ್ತ್ ಶುಭ ಕೆಲ್ಸ ಮಾತಾಡುಕಾತಾ?" ಅಂದವರೇ ಚಾ ಮುಟ್ಟದೆ ಎದ್ದುಬಿಟ್ಟರು. ಮನೆಗೆ ಹೋಗಿ ತಲೆಗೆ ಸ್ನಾನ ಮಾಡಿಯೇ ಒಳಗೆ ಹೋದರಂತೆ.

೩. ಕುದುರೆ ಹತ್ತುವವನು

ಮೂರನೆಯ ಸಲ ಮಗಳೇ ನನ್ನ ಕೈ ಹಿಡಿದುಕೊಂಡಳು. "ಅಮ್ಮಾ, ಈ ಹುಡ್ಗ ನನ್ನ ಸಂಗ್ತಿಗೇ ಕುಂದಾಪ್ರದಗೆ ಕೆಲ್ಸ ಮಾಡುದ್. ನಂಗೆ ಅವನೇ ಬೇಕ್. ಇದೊಂದನ್ನ ಅಪ್ಪ ಹಾಳ್ ಮಾಡ್ದಂಗೆ ಕಾಣ್," ಅಂದಳು. ಇಷ್ಟು ದಿನ ಹೋದದ್ದು ಬರೀ ಸಂಬಂಧಗಳು, ಈ ಸಲ ಹೋದರೆ ಅವಳ ಮನಸ್ಸು ಮುರಿಯುತ್ತದೆ.

ಟೀವಿಗೆ ಚಾದರ ಹೊದೆಸಿದೆ. ರಿಮೋಟನ್ನು ಅಕ್ಕಿ ಡಬ್ಬಿಯೊಳಗೆ ಹುಗಿದೆ. ಹಿರಿಯರೊಬ್ಬರು ಇರಲಿ ಎಂದು ಬಾರ್ಕೂರಿನಿಂದ ನನ್ನ ಅಣ್ಣನನ್ನು ಕರೆಸಿದೆ. ಅವನು, ವೇಷ ಕಟ್ಟದೆ ಪಾತ್ರಗಳಾಗಿ ಕೂತು ವಾದಿಸುವ ತಾಳಮದ್ದಳೆಯಲ್ಲಿ ಪದ ಹೇಳುವ ಭಾಗವತ, ನಾಲ್ಕು ಜನರನ್ನು ಸುಧಾರಿಸಿಕೊಂಡು ಹೋಗುವವ. ಗಂಡನಿಂದ ದೇವರ ಎದುರು ಆಣೆಯನ್ನೂ ಹಾಕಿಸಿಕೊಂಡೆ.

ಬೈಂದೂರಿನಿಂದ ಹುಡುಗ, ಅವನ ಅಪ್ಪ, ಅಮ್ಮ ಬಂದರು. ನಮ್ಮವರು ಆಣೆಗೆ ತಪ್ಪಲಿಲ್ಲ, ಬಾಯಿ ಹೊಲಿದವರ ಹಾಗೆ ಕೂತಿದ್ದರು. ಬೀಗರಾಗುವವರು ಎಲೆ ಅಡಿಕೆ ಮೆಲ್ಲುತ್ತಾ ಹೇಳಿದರು, "ನಾ ಹರೆಯದಗೆ ಮುಂಬೈಯಗೆ ಇದ್ದವ. ಕುದ್ರಿ ಪಿಚ್ಚರ್ ಅಂದ್ರೆ ಜೀವ ನಂಗೆ."

ಮುಗಿಯಿತು! ಆಣೆ ಹಾಕಿಸಿಕೊಂಡದ್ದು ಒಬ್ಬರಿಂದ ಮಾತ್ರ, ಇನ್ನೊಬ್ಬರ ಬಾಯಿ ನನ್ನ ಕೈಯಲ್ಲಿತ್ತೇ?

ಇಬ್ಬರಿಗೂ ಒಂದೇ ಪಿಚ್ಚರ್ ಇಷ್ಟ. ಊರಿನ ಕಳ್ಳರನ್ನು ಮುಗಿಸಿ, ಪ್ರೀತಿಸಿದವಳನ್ನು ಬಿಟ್ಟು, ಹೀರೋ ಒಬ್ಬನೇ ಕುದುರೆ ಹತ್ತಿ ಹೋಗುತ್ತಾನೆ. ಅದು ಸರಿ ಎಂದರು ಬೈಂದೂರಿನವರು. ತಪ್ಪು ಎಂದರು ನಮ್ಮವರು. ಸ್ವರ ಏರಿತು. ಕಡೆಗೆ ನಮ್ಮವರು ಎದ್ದು, "ಹೆಣ್ಣನ್ನ ಬಿಟ್ ಹೋಪುದ್ ಸಮ ಅಂಬವ್ರ ಮನಿಗೆ ನಾ ಮಗಳನ್ನ ಕೊಡುದಿಲ್ಲೆ!" ಎಂದು ಹೇಳಿಯೇಬಿಟ್ಟರು.

ಬಾಗಿಲ ಸಂದಿಯಲ್ಲಿ ಮಗಳು ಕಣ್ಣು ತುಂಬಿಕೊಂಡಳು. ನಾನು ಅಣ್ಣನ ಮುಖ ನೋಡಿದೆ. ಅವನು ಕೈಯೆತ್ತಿ, "ಹೀಂಗೆ ಬೊಬ್ಬಿ ಹೊಡುದ್ ಬ್ಯಾಡ. ತಾಳಮದ್ದಳೆ ಕ್ರಮದಂಗೆ ವಾದ ಆಯ್ಲಿ. ಅವ್ರ್ ಹೀರೋ ಆಯ್ ಅರ್ಥ ಹೇಳ್ಲಿ, ಬಾವ ಆ ಹೆಣ್ಣಾಯ್ ಅರ್ಥ ಹೇಳ್ಲಿ," ಎಂದು ಅಡುಗೆಮನೆಯ ಸ್ಟೀಲ್ ಹರಿವಾಣವನ್ನೇ ಮದ್ದಳೆ ಮಾಡಿಕೊಂಡ. ಸುಧಾರಿಸಲು ಕರೆಸಿದವನ ಕಥೆ ಇದು!

ನಮ್ಮವರು ಬೈರಾಸನ್ನು ತಲೆ ಮೇಲೆ ಸೆರಗಿನ ಹಾಗೆ ಹೊದ್ದು ಕೂತರು. ಕುಂದಾಪ್ರ ಕನ್ನಡ ಎಲ್ಲಿಗೋ ಹಾರಿಹೋಯಿತು.

"ಎಲೈ ಅಶ್ವಾರೂಢನೇ! ನಿನ್ನ ಗುಂಡಿನ ಗಾಯಕ್ಕೆ ಮದ್ದರೆದವಳು ನಾನು, ನಿನ್ನ ಕುದುರೆಗೆ ಹುರುಳಿ ಬೇಯಿಸಿದವಳು ನಾನು. ಇಂದು ನನ್ನನ್ನು ತೊರೆದು ಹೋಗುವುದು ಯಾವ ಸೀಮೆಯ ಧರ್ಮ?"

"ಎಲೌ ಕೋಮಲೆ! ಅಲೆಮಾರಿಗೆ ಮನೆಯೆಂಬುದುಂಟೆ? ಹೆಜ್ಜೆ ಹೆಜ್ಜೆಗೂ ಶತ್ರುಗಳಿರುವ ನನ್ನನ್ನು ಕಟ್ಟಿಕೊಂಡು ನೀನು ಸುಖಪಡುವುದುಂಟೆ?"

ನಮ್ಮವರು ನಿಜವಾಗಿ ಅತ್ತರು. ಅಂಗಡಿಯಲ್ಲಿ ಕೊಟ್ಟ ಸಾಲ ವಸೂಲಾಗದೆ ಮುಳುಗಿದಾಗಲೂ ಅವರು ಹೀಗೆ ಅತ್ತದ್ದನ್ನು ನಾನು ನೋಡಿಲ್ಲ. ಅಕ್ಕಪಕ್ಕದವರು ಪಾಗಾರದ ಗೋಡೆಯ ಮೇಲೆ ಗಲ್ಲವಿಟ್ಟು ನಿಂತರು. ಮೀನು ಮಾರಲು ಬಂದವಳು ಬುಟ್ಟಿ ಇಳಿಸಿ ಮೆಟ್ಟಿಲ ಮೇಲೆ ಕೂತು, "ಹೋಪುದಾರೆ ಹೋಗ್ಲಿ ಬಿಡ್ ಹೆಣ್ಣೇ, ಇಂಥವ್ರ್ ಎಷ್ಟ್ ಜನ ಬತ್ರ್!" ಎಂದು ನನ್ನ ಗಂಡನನ್ನು ಸಮಾಧಾನ ಮಾಡಿದಳು.

ಅಷ್ಟರಲ್ಲಿ ಹುಡುಗ ಮೆಲ್ಲಗೆ ಬಾಯಿಬಿಟ್ಟ. "ಅವ್ಳನ್ನೂ ಕುದ್ರಿ ಮೇಲ್ ಕೂರ್ಸ್ಕಂಡ್ ಹೋದ್ರೆ ಎಂತ ಆತಿತ್ತ್?"

ಅಣ್ಣನ ಹರಿವಾಣ ನಿಂತಿತು. ಇಷ್ಟು ವರ್ಷದಲ್ಲಿ ಇಬ್ಬರಿಗೂ ಇದು ಹೊಳೆದಿರಲಿಲ್ಲ. ಮಗಳ ಮುಖ ಅರಳಿತು, ನನಗೂ ಉಸಿರು ಬಂತು. ಬದುಕಿದೆವು ಅಂದುಕೊಂಡೆ.

"ಅದೆಂಗ್ ಆತ್ತ್?" ಎಂದರು ನಮ್ಮವರು. "ಆ ಕುದ್ರಿ ಇಬ್ರನ್ನ ಹೊರುದಿಲ್ಲೆ."

"ಹೊರುದೇ ಇಲ್ಲೆ!" ಎಂದು ಮಗನನ್ನೇ ಗದರಿಸಿದರು ಬೀಗರು. "ಬೆನ್ನಿನ ಮೇಲಿನ ಜೀನು ಬೇರೆ ಸಣ್ಣದ್."

ಅಲ್ಲಿಂದ ಇಬ್ಬರೂ ಒಂದೇ ಪಕ್ಷ. ಈ ಕಾಲದವರಿಗೆ ಪಿಚ್ಚರೂ ಗೊತ್ತಿಲ್ಲ, ಕುದುರೆಯೂ ಗೊತ್ತಿಲ್ಲ ಎಂದು ಹೆಗಲ ಮೇಲೆ ಕೈಹಾಕಿಕೊಂಡು ಜಗಲಿಗೆ ಹೋದರು. ಅಣ್ಣನೂ ಹಿಂದೆಯೇ ಹೋದ.

ಹುಡುಗನ ಅಮ್ಮ ಅಡುಗೆಮನೆಗೆ ಬಂದರು. "ಇವ್ರನ್ನ ಕಾದ್ರೆ ನಮ್ ಮಕ್ಳ ಕೂದ್ಲ್ ಬೆಳ್ಗಾತ್ತ್. ನೀವ್ ಎಂತ ಹೇಳ್ತ್ರಿ?" ಅಂದರು. ನಾನು ಹೇಳುವುದೇನು? ಗ್ಯಾಸ್ ಒಲೆಯ ಪಕ್ಕದಲ್ಲೇ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ಇಟ್ಟು ನಾವಿಬ್ಬರೇ ತಾಂಬೂಲ ಬದಲಿಸಿಕೊಂಡೆವು. ಮಗಳು ನನ್ನನ್ನು ತಬ್ಬಿಕೊಂಡು ಅತ್ತಳು, ನಾನೂ ಅತ್ತೆ. ಜಗಲಿಯಲ್ಲಿ ಜೀನಿನ ಅಳತೆ ನಡೆದೇ ಇತ್ತು.

ಸಂಜೆ ಬೈಂದೂರಿನವರನ್ನು ಕಾರು ಹತ್ತಿಸಿ, ಕಣ್ಣಿಗೆ ಕಾಣುವಷ್ಟು ದೂರ ಕೈಬೀಸಿ, ನಮ್ಮವರು ಒಳಗೆ ಬಂದರು. ಮುಖದಲ್ಲಿ ಮಗುವಿನ ಸಂತೋಷ.

"ಎಂಥಾ ಜನ ಮಾರಾಯ್ತಿ! ಕೊಟ್ರೆ ಇಂಥ ಮನಿಗೇ ಹೆಣ್ ಕೊಡ್ಕ್," ಎಂದವರು ಹಣೆ ಚಚ್ಚಿಕೊಂಡರು. "ಛೆ! ಅವ್ರ ಮನಿಯಗೆ ಮದ್ವಿ ಪ್ರಾಯದ ಗಂಡ್ ಯಾರಾರೂ ಇದ್ರಾ ಅಂತ ಕೇಳುಕೇ ಮರ್ತ್ ಹೋಯ್ತಲೆ!"