ಕೇಶವನಿಗೆ ಬಂದ ಗ್ರಾಂಟು

ನಾನು ಸ್ವಭಾವತಃ ಕೋಪಿಷ್ಠನಲ್ಲ. ಈ ಮಾತನ್ನು ನನ್ನ ಹೆಂಡತಿಯ ಎದುರು ಹೇಳುವ ಧೈರ್ಯವಿಲ್ಲದ್ದರಿಂದ ನಿಮ್ಮ ಎದುರು ಹೇಳುತ್ತಿದ್ದೇನೆ. ಹುಡುಗರು ಮಗ್ಗಿ ತಪ್ಪಿದರೆ ಸಿಟ್ಟು ಬರುತ್ತದೆ, ಸಾರಿಗೆ ಉಪ್ಪು ಹೆಚ್ಚಾದರೆ ಬರುತ್ತದೆ. ಅವೆಲ್ಲ ಬಂದು ಹೋಗುವ ಸಿಟ್ಟು. ಬಂದು ಮನೆ ಮಾಡಿಕೊಂಡು ಕೂತದ್ದು ಒಂದೇ ಒಂದು. ನಮ್ಮೂರ ಕೇಶವ ದೇವಸ್ಥಾನಕ್ಕೆ ಸರ್ಕಾರದ ಗ್ರಾಂಟು ಬಂತಲ್ಲ, ಅವತ್ತಿನಿಂದ ಅದು ಶುರುವಾದದ್ದು. ಗ್ರಾಂಟು ಬರಲಿಲ್ಲವೆಂದು ರೇಗುವವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಬಂತಲ್ಲಾ ಎಂದು ಹಲ್ಲು ಕಡಿಯುವವನು ಈ ಸೀಮೆಗೆಲ್ಲ ನಾನೊಬ್ಬನೇ ಇರಬೇಕು.

ನಮ್ಮೂರು ಹಾರನಹಳ್ಳಿಯ ಆಚೆ, ಎತ್ತಿನ ಗಾಡಿಯ ದಾರಿ. ನಾನು ಮೇಷ್ಟ್ರಾಗಿರುವ ಸ್ಕೂಲು, ನಾಲ್ಕಾರು ತೆಂಗಿನ ತೋಟ, ಹೊಯ್ಸಳರ ಕಾಲದ ಈ ಗುಡಿ, ಅಷ್ಟೇ ಊರು. ಅರಸೀಕೆರೆಯಲ್ಲಿ ರೈಲು ಇಳಿಯುವ ದೊಡ್ಡ ಮನುಷ್ಯರು ಮೋಟಾರು ಹತ್ತಿ ನೆಟ್ಟಗೆ ಬೇಲೂರು, ಹಳೇಬೀಡಿಗೆ ಹೋಗುತ್ತಾರೆ. ಹೋಗಲಿ, ಬೇಡ ಅನ್ನುವುದಿಲ್ಲ. ಆದರೆ ಅಲ್ಲಿಯ ಕಲ್ಲಾನೆಯ ಕಾಲು ಬಿರುಕು ಬಿಟ್ಟರೆ ಫೈಲುಗಳು ಓಡಾಡುತ್ತವೆ. ನಮ್ಮ ಕೇಶವನ ನೆತ್ತಿಯ ಮೇಲೆ ಮಾಳಿಗೆ ಸೋರಲು ಶುರುವಾಗಿ ನಾಲ್ಕು ಮಳೆಗಾಲ ಕಳೆದರೂ ಒಂದು ಕಾಗದ ಅಲುಗಾಡಿರಲಿಲ್ಲ. ಅರ್ಚಕ ಕೃಷ್ಣಾಚಾರ್ಯರು ಒಂದು ಕೈಯಲ್ಲಿ ಆರತಿ, ಇನ್ನೊಂದರಲ್ಲಿ ಕೊಡೆ ಹಿಡಿದು ಪೂಜೆ ಮಾಡುತ್ತಿದ್ದರು. ಗಂಟೆಗೆ ಮೂರನೆಯ ಕೈ ಇಲ್ಲವಾಗಿ ಆ ಕೆಲಸ ನನ್ನ ಪಾಲಿಗೆ ಬಂದಿತ್ತು. ಗರ್ಭಗುಡಿಯ ಮೇಲಿನ ಚಪ್ಪಡಿ ಬೇರೆ ಒಂದು ಮೂಲೆಯಲ್ಲಿ ಜಾರಿತ್ತು. ಇನ್ನೆರಡು ಮಳೆಗಾಲ ಹೀಗೇ ಹೋದರೆ ಅದು ದೇವರ ಮೇಲೋ ಆಚಾರ್ಯರ ಮೇಲೋ ಬೀಳುವುದು ಖಂಡಿತವಾಗಿತ್ತು.

ಅರ್ಜಿ ಬರೆದೆ. ದೇವಸ್ಥಾನ ಹಳೆಯದೆಂಬುದಕ್ಕೆ ಊರಿನ ಹಿರಿಯರ ಹೇಳಿಕೆ ಕಳಿಸಿ ಎಂದು ಜವಾಬು ಬಂತು. ಕಟ್ಟಿದ್ದನ್ನು ಕಣ್ಣಾರೆ ಕಂಡ ಹಿರಿಯರು ನಮ್ಮೂರಲ್ಲಿ ಯಾರೂ ಉಳಿದಿರಲಿಲ್ಲ. ಇದ್ದವರ ಹೆಬ್ಬೆಟ್ಟು ಒತ್ತಿಸಿ ಕಳಿಸಿದೆ. ಸೋರುವುದು ಮಳೆಗಾಲದಲ್ಲಿ ಮಾತ್ರವೋ ವರ್ಷವಿಡೀಯೋ, ಸ್ಪಷ್ಟಪಡಿಸಿ ಎಂದು ಮತ್ತೊಂದು ಜವಾಬು. ಆ ಕಾಗದವನ್ನು ಓದಿದ ದಿನ ಸ್ಕೂಲಿನಲ್ಲಿ ಏಟು ತಿಂದವರೆಲ್ಲ ನಿರಪರಾಧಿಗಳು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಕೊನೆಗೆ ಒಂದು ಬೇಸಿಗೆಯಲ್ಲಿ ಜರಿ ರುಮಾಲಿನ ಅಧಿಕಾರಿಯೊಬ್ಬರು ಅಳತೆಯ ಟೇಪು ಹಿಡಿದು ಬಂದರು. ನಮ್ಮ ಮನೆಯಲ್ಲಿ ಒಬ್ಬಟ್ಟಿನ ಊಟ ಮಾಡಿ ಗುಡಿಗೆ ನಡೆದರು. ನಾನು ಮೇಲೆ ನೋಡಿ ಅಂದರೆ ಅವರು ಕೆಳಗೆ ನೋಡಿದರು. ನೋಡಿದವರು ಅಲ್ಲೇ ನವರಂಗದ ನೆಲದ ಮೇಲೆ ಮಂಡಿಯೂರಿ ಕೂತುಬಿಟ್ಟರು. ಅಲ್ಲೊಂದು ತ್ರಿಕೋನ, ತುದಿಯಿಂದ ಇಳಿದ ಗೆರೆಗಳು, ಅವನ್ನು ಅಡ್ಡಕ್ಕೆ ಕತ್ತರಿಸಿದ ಗೆರೆಗಳು. ಇದು ಮಹಾ ಯಂತ್ರ, ಈ ದೇವಸ್ಥಾನಕ್ಕಿಂತಲೂ ಹಳೆಯದಿರಬಹುದು ಎಂದರು. ದೇವಸ್ಥಾನಕ್ಕಿಂತ ಅದರ ನೆಲ ಹೇಗೆ ಹಳೆಯದಾಗುತ್ತದೆ ಎಂದು ನಾನು ಕೇಳಲಿಲ್ಲ, ಕೇಳುವ ಸ್ಥಿತಿಯಲ್ಲಿ ಇರಲಿಲ್ಲ. ಯಾಕೆಂದರೆ ಅದು ಆಡು-ಹುಲಿ ಆಟದ ಮನೆ. ಕೊರೆದವನು ನಾನು. ಲೋಯರ್ ಸೆಕೆಂಡರಿ ಓದುವಾಗ, ರಜದಲ್ಲಿ, ಕಲ್ಲುಕುಟಿಗನ ಉಳಿಯನ್ನು ಹೇಳದೆ ತಂದು ಎರಡು ಮಧ್ಯಾಹ್ನ ಕೂತು ಕೊರೆದಿದ್ದೆ. ಗೆಳೆಯ ಶಿವಲಿಂಗಪ್ಪ ಬಾಗಿಲಲ್ಲಿ ಕಾವಲು ನಿಂತಿದ್ದ. ಪಾಪ, ಸಾಹೇಬರು ಪೇಟೆಯಲ್ಲಿ ಬೆಳೆದವರು, ಆಡು-ಹುಲಿ ಆಡದೆ ಬಾಲ್ಯ ಕಳೆದವರು.

ಬಾಯಿ ತೆರೆಯಬೇಕೆಂದಿದ್ದೆ. ಆಚಾರ್ಯರು ನನ್ನ ಶಲ್ಯ ಜಗ್ಗಿ, "ಸುಮ್ಮನಿರಿ ಮೇಷ್ಟ್ರೇ, ಯಂತ್ರದ ನೆಪದಲ್ಲಾದರೂ ಮಾಳಿಗೆ ರಿಪೇರಿ ಆದೀತು" ಎಂದು ಪಿಸುಗುಟ್ಟಿದರು. ಸುಮ್ಮನಾದೆ.

ಗ್ರಾಂಟು ಬಂತು. ಅದರಲ್ಲಿ ಯಂತ್ರದ ಸುತ್ತ ಕಬ್ಬಿಣದ ಕಟಕಟೆ, ಅದಕ್ಕೊಂದು ಬೀಗ, ಯಾರೂ ಮುಟ್ಟಕೂಡದೆಂಬ ತಗಡಿನ ಬೋರ್ಡು. ಮಾಳಿಗೆಯ ವಿಷಯವನ್ನು ಮುಂದೆ ಪರಿಶೀಲಿಸಲಾಗುವುದಂತೆ. ಮೈಯೆಲ್ಲ ಉರಿದುಹೋಯಿತು. ಮೇಲೆ ದೇವರು ನೆನೆಯುತ್ತಿದ್ದಾನೆ, ಕೆಳಗೆ ನನ್ನ ತುಂಟತನಕ್ಕೆ ಸರ್ಕಾರಿ ಬೀಗ! ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ಇಟ್ಟಿರುವ ಶಿವಲಿಂಗಪ್ಪ ಮಾತ್ರ ಗಾಡಿ ಕಟ್ಟಿಸಿಕೊಂಡು ನೋಡಲು ಬಂದು, ಕಟಕಟೆ ಹಿಡಿದು ಹೊಟ್ಟೆ ಹುಣ್ಣಾಗುವಂತೆ ನಕ್ಕ. "ಇದ್ಕೇ ಅಲ್ವೇನ್ಲಾ ನಮ್ಮಪ್ಪ ತೆಂಗಿನ ಮಟ್ಟೇಲಿ ಬಾರ್ಸಿದ್ದು? ಈಗ ಬದುಕಿದ್ದಿದ್ರೆ ಕರ್ಕೊಂಡು ಬಂದು ತೋರಿಸ್ಬೇಕಿತ್ತು ಕಣ್ಲಾ" ಎಂದ.

ಮಳೆ ಹಿಡಿಯಿತು. ಚಪ್ಪಡಿ ಇನ್ನೂ ಎರಡು ಬೆರಳು ಜಾರಿತು. ಆಚಾರ್ಯರು ಈಗ ಅಭಿಷೇಕದ ನಡುವೆ ಮಂತ್ರ ನಿಲ್ಲಿಸಿ ಮೇಲೆ ನೋಡತೊಡಗಿದರು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಸಾಹೇಬರು ಬೇಲೂರಿನ ಮುಸಾಫಿರಖಾನೆಯಲ್ಲಿ ಬಿಡಾರ ಮಾಡಿದ್ದಾರೆಂದು ತಿಳಿದು, ನಿಜ ಹೇಳಿ ಕಟಕಟೆ ಕೀಳಿಸಿ ಮಾಳಿಗೆ ಕಟ್ಟಿಸಿಯೇ ಬರುತ್ತೇನೆಂದು ಹೊರಟೆ. ಗುಡಿ ಕೆಡಿಸಿದವನೆಂದು ಕೆಲಸದಿಂದ ತೆಗೆದರೆ ಗತಿಯೇನು ರೀ ಎಂದು ಹೆಂಡತಿ ಕಣ್ಣಲ್ಲಿ ನೀರು ತಂದುಕೊಂಡಳು. ನಾನು ಕೇಳಲಿಲ್ಲ. ಹಾರನಹಳ್ಳಿಯಲ್ಲಿ ಹಿಡಿದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಸಾಹೇಬರಿಗೆ ಹೇಳಬೇಕಾದ ಖಾರದ ಮಾತುಗಳನ್ನು ಒಂದೊಂದಾಗಿ ಜೋಡಿಸಿಕೊಂಡೆ. ಪಕ್ಕದಲ್ಲಿ ಕೂತಿದ್ದ ಮುದುಕ ಎದ್ದು ಹಿಂದಿನ ಸೀಟಿಗೆ ಹೋದ.

ಸಾಹೇಬರು ನನ್ನ ತಪ್ಪೊಪ್ಪಿಗೆಯನ್ನು ಪೂರ್ತಿ ಕೇಳಿದರು. ಆಮೇಲೆ ಯಂತ್ರದ ಅಚ್ಚು ತೆಗೆದ ಕಾಗದವನ್ನು ಮೇಜಿನ ಮೇಲೆ ಹರಡಿ, ಮುಗುಳ್ನಕ್ಕು ಹೇಳಿದರು: "ನೀವು ಕೊರೆದದ್ದೇ? ನಂಬೋ ಮಾತಲ್ಲ ಮೇಷ್ಟ್ರೇ. ಈ ಗೆರೆ ನೋಡಿ, ಎಲ್ಲೂ ಕೈ ನಡುಗಿಲ್ಲ. ಬೇಲೂರಲ್ಲಿ ಕೆಲಸ ಮಾಡಿದ ಶಿಲ್ಪಿಯ ಕೈಯೇ ಇದು."

ಕಾಗದ ನೋಡಿದೆ. ನಿಜ, ಎಲ್ಲೂ ನಡುಗಿರಲಿಲ್ಲ. ಎಡಗಡೆಯ ಗೆರೆಯಂತೂ ಬಹಳ ಚೆನ್ನಾಗಿತ್ತು. ಅವರು ಕಾಫಿ ತರಿಸಿದರು, ನಾನು ಕುಡಿದೆ, ಇನ್ನೊಂದು ಸಲ ಕಾಗದ ನೋಡಿ ಕೈಮುಗಿದು ಬಸ್ಸು ಹತ್ತಿದೆ.

ಊರ ಬಾಗಿಲಲ್ಲಿ ಕೃಷ್ಣಾಚಾರ್ಯರು ನೆನೆಯುತ್ತ ಕಾದು ನಿಂತಿದ್ದರು. ಸಾಹೇಬರು ಅಂದದ್ದನ್ನು ಒಂದಕ್ಷರ ಬಿಡದೆ ಅವರಿಗೆ ಹೇಳಿದೆ, ಶಿಲ್ಪಿಯ ಮಾತನ್ನು ಎರಡು ಸಲ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, "ಬಹಳ ಸಂತೋಷ ಮೇಷ್ಟ್ರೇ. ಮಾಳಿಗೆಗೆ ಏನಂದರು?" ಎಂದರು.

ಮಾಳಿಗೆಯ ಮಾತನ್ನು ನಾನು ಎತ್ತಿಯೇ ಇರಲಿಲ್ಲ.