ಮಾವನ ಗಾಳಿ ಜಾಕೆಟು

ನನ್ನ ಸೋದರಮಾವನಿಗೆ ಹುಚ್ಚು ಎಂದು ನಾನು ಹೇಳುವುದಿಲ್ಲ. ಇಡೀ ದೇರೆಬೈಲು ಊರೇ ಹೇಳುತ್ತಿರುವಾಗ ನಾನೊಬ್ಬ ಹೇಳದಿದ್ದರೆ ನಷ್ಟವೇನು?

ಗಲ್ಫಿನಲ್ಲಿ ನೀರಿಗಿಳಿದು ಹಡಗಿನ ತಳದ ಪಾಚಿ ಕೆರೆಯುತ್ತಿದ್ದ ಮಾವ ಅರುವತ್ತಕ್ಕೆ ನಿವೃತ್ತರಾಗಿ ಬಂದವರೇ ನಾರ್ವೆಯ ಸಮುದ್ರದಲ್ಲಿ ಮುಳುಗಬೇಕೆಂದರು. "ಬಿಸಿ ನೀರು ಸಾಕಾಯ್ತು ಮಾರಾಯ, ಇನ್ನು ತಣ್ಣೀರು." ಜೊತೆಗೆ ಮುಳುಗಲು ಒಬ್ಬ ಬೇಕಲ್ಲ? ಮನೆಯಲ್ಲಿ ಕೆಲಸವಿಲ್ಲದವನು ನಾನೊಬ್ಬನೇ! ಈಜುಕೊಳದಲ್ಲಿ ನನಗೆ ತರಬೇತಿ ಶುರುವಾಯಿತು.

ಮುಳುಗುವವರಿಗೆಂದೇ ಒಂದು ಗಾಳಿ ಜಾಕೆಟ್ ಉಂಟು. ಗಾಳಿ ತೆಗೆದರೆ ಕೆಳಗೆ, ತುಂಬಿದರೆ ಮೇಲೆ. ತಣ್ಣೀರಿಗೆ ದಪ್ಪ ಉಡುಪು, ಉಡುಪು ತೇಲದಂತೆ ಸೊಂಟಕ್ಕೆ ಸೀಸ, ಅಷ್ಟು ಭಾರ ಎತ್ತಲು ದೊಡ್ಡ ಜಾಕೆಟ್. ಮಾವ ಇದನ್ನು ಅತ್ತೆಗೆ ದಿನಕ್ಕೆರಡು ಬಾರಿ ವಿವರಿಸಿದರು.

ಅತ್ತೆ ಬಸಳೆ ಹೆಚ್ಚುತ್ತಾ ಕೇಳಿದರು: "ಮುಳುಗದಿದ್ದರೆ ಇದು ಯಾವುದೂ ಬೇಡ, ಅಲ್ವಾ?"

ಕೊಟ್ಟಾರದಲ್ಲಿ ಮುಳುಗುವ ಸಾಮಾನಿನ ಅಂಗಡಿ ಇಟ್ಟಿದ್ದ ಸಾಹೇಬರು ನೋಡಲೆಂದು ಮೂರು ಜಾಕೆಟ್ ಕೊಟ್ಟರು. ಪರೀಕ್ಷೆ ಮನೆಯಲ್ಲೇ. ಮಾವ ದಪ್ಪ ಕೈಗವಸು ತೊಟ್ಟು, ಅತ್ತೆಯ ಬಂಗುಡೆ ಮೀನು ಇದ್ದ ಐಸ್ ಪೆಟ್ಟಿಗೆಯಲ್ಲಿ ಕೈ ಹುಗಿದು ಕಾಲು ಗಂಟೆ ಕೂತರು. ಮರಗಟ್ಟಿದ ಬೆರಳಿಗೆ ಮೊದಲ ಜಾಕೆಟಿನ ಗಾಳಿ ತುಂಬುವ ಗುಂಡಿ ಸಿಗಲೇ ಇಲ್ಲ. ಎರಡನೆಯದರದ್ದು ಸಿಕ್ಕಿತು, ಆದರೆ ಒತ್ತಿದ ಗುಂಡಿ ಮತ್ತೆ ಮೇಲೇಳಲಿಲ್ಲ. ಬೆನ್ನಿಗೆ ಕಟ್ಟಿದ್ದ ಸಿಲಿಂಡರಿನ ಗಾಳಿ ನುಗ್ಗಿ ಉಬ್ಬಿದ ಮಾವ ಅಡುಗೆಮನೆಯ ಬಾಗಿಲಲ್ಲಿ ಸಿಕ್ಕಿಬಿದ್ದರು. ಅತ್ತೆ ಒಳಗೆ, ನಾನು ಹೊರಗೆ, ಊಟವೂ ಒಳಗೆ!

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಗುಂಡಿಯೂ ದೊಡ್ಡದು. ಅದೇ ಬೇಕೆಂದು ಅಂಗಡಿಗೆ ಹೋದೆವು.

"ನಿಮಗೆ ಇಷ್ಟು ದೊಡ್ಡದು ಎಂತಕ್ಕೆ ಅಣ್ಣಾ? ಇದು ಇಬ್ಬರನ್ನು ಎತ್ತುತ್ತದೆ," ಎಂದರು ಸಾಹೇಬರು.

"ಇಬ್ಬರಿಗೇ ಸಾಹೇಬ್ರೇ."

ಮಾವ ಸ್ವಲ್ಪ ಹೊತ್ತು ಬಕಲನ್ನು ಹಾಕಿ ತೆಗೆದು ಮಾಡಿದರು.

"ಒಮ್ಮೆ ಹಡಗಿನಡಿ ನನ್ನ ಜೊತೆಗಾರನ ಗಾಳಿ ಮುಗಿಯಿತು. ಅವನನ್ನು ಹಿಡಿದುಕೊಂಡೆ. ನನ್ನ ಜಾಕೆಟಿಗೆ ಇಬ್ಬರನ್ನು ಎತ್ತಲಿಕ್ಕೆ ಆಗಲಿಲ್ಲ. ಕೈ ಬಿಟ್ಟೆ."

ಸಾಹೇಬರು ಮೂರನೆಯದನ್ನೇ ಕಟ್ಟಿಕೊಟ್ಟರು. ಅತ್ತೆಗೂ ಈ ಸಂಗತಿ ಗೊತ್ತಿರಲಿಲ್ಲವೆಂದು ಆಮೇಲೆ ತಿಳಿಯಿತು.

ಮರುದಿನ ಈಜುಕೊಳದ ತಳಕ್ಕಿಳಿದಾಗ ಮಾವ ನನ್ನ ಮಣಿಕಟ್ಟು ಹಿಡಿದುಕೊಂಡರು. ಇದ್ದದ್ದು ಆರಡಿ ನೀರು! ಬಿಡಿಸಿಕೊಳ್ಳಬಹುದಿತ್ತು. ನಾನು ಬಿಡಿಸಿಕೊಳ್ಳಲಿಲ್ಲ.